ಇದ್ದವರ ಕಥೆ

ನಮ್ಮ ಅಜ್ಜಿ ಗೌರವ್ವ ಕಂಪ್ಲಿಯಲ್ಲಿ ಅಳುವುದಕ್ಕೆ ಹೆಸರಾಗಿದ್ದಳು. ಅಳುಬುರುಕಿ ಎಂದು ತಿಳಿಯಬೇಡಿ. ತನ್ನ ಸ್ವಂತ ಕಷ್ಟಕ್ಕೆ ಅವಳು ಕಣ್ಣೀರು ಹಾಕಿದ್ದನ್ನು ಮನೆಯವರು ಯಾರೂ ಕಂಡಿರಲಿಲ್ಲ. ಅವಳು ಅಳುತ್ತಿದ್ದುದು ಊರವರ ಸಾವಿಗೆ, ಅದೂ ಹಾಡಿ ಅಳುತ್ತಿದ್ದಳು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಹಣೆಗೆ ವಿಭೂತಿ ಬಳಿಯುತ್ತಾರೆ, ಹೆಂಗಸರು ಸುತ್ತ ಕೂತು ಹೋದವರ ಬದುಕನ್ನು ಒಂದೊಂದಾಗಿ ಎತ್ತಿ ಆಡಿಕೊಂಡು ಅಳುತ್ತಾರೆ. ಅದಕ್ಕೆ ಯಾರಾದರೂ ಮೊದಲು ದನಿ ಎತ್ತಬೇಕು. ಮೊದಲು ಎತ್ತುವವಳು ಸರಿಯಾಗಿ ಎತ್ತಿದರೆ ಉಳಿದವರಿಗೆ ದಾರಿ ಸಿಗುತ್ತದೆ, ಇಲ್ಲದಿದ್ದರೆ ಬರೀ ಗದ್ದಲವಾಗುತ್ತದೆ. ಹಾಗಾಗಿ ನಮ್ಮ ಓಣಿಯಲ್ಲಿ, ಪಕ್ಕದ ಓಣಿಯಲ್ಲಿ, ಹೊಳೆಯ ದಂಡೆಯ ಬಾಳೆತೋಟದ ಮನೆಗಳಲ್ಲಿ ಕೂಡ ಸಾವಾದರೆ "ಗೌರವ್ವ ಬಂದ್ಲೇನು?" ಎಂದು ಕೇಳಿಯೇ ಮುಂದಿನ ಕೆಲಸ. ಅಜ್ಜಿ ಹೋಗಿ ಹೆಣದ ಎದುರು ಕೂತು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಶುರು ಮಾಡಿದಳೆಂದರೆ ಹೊರಗೆ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ಗಂಡಸರೂ ಮಾತು ನಿಲ್ಲಿಸುತ್ತಿದ್ದರು.

"ಯವ್ವಾ ಬಸಮ್ಮಾ, ಪಾಪಿನಾಯಕನಹಳ್ಳಿ ಹೊಲದಾಗ ಹುಟ್ಟಿ ಬೆಳದಿದ್ದೆಲ್ಲ, ಕರಕಲು ರೊಟ್ಟಿ ನೀ ತಿಂದು ಹೂವಿನಂಥ ರೊಟ್ಟಿ ಮಂದಿಗೆ ಹಾಕಿದ್ದೆಲ್ಲ, ಇನ್ ಮ್ಯಾಲ ಆ ಹಂಚಿನ ಮುಂದ ಯಾರ್ ಕುಂದ್ರಬೇಕವ್ವಾ..."

ಹೀಗೆ ಸಾಗುತ್ತಿತ್ತು. ಎಲ್ಲಿ ಹುಟ್ಟಿದಳು, ಯಾವ ಮನೆಗೆ ಬಂದಳು, ಕೈ ಏನೇನು ಕೆಲಸ ಮಾಡಿತು, ಬಾಯಿ ಏನನ್ನು ಬಯಸಿತು, ಬಯಸಿದ್ದರಲ್ಲಿ ಯಾವುದು ಸಿಗಲಿಲ್ಲ. ಅಜ್ಜಿ ಹೆಚ್ಚು ಹೊಗಳುತ್ತಿರಲಿಲ್ಲ. ಸತ್ತವಳು ಬಾಯಿಜೋರಿನವಳಾಗಿದ್ದರೆ ಅದನ್ನೂ ಎತ್ತುತ್ತಿದ್ದಳು, "ಓಣಿಗೆಲ್ಲ ಕೇಳೋ ಹಂಗ ಬೈತಿದ್ದೆಲ್ಲ, ಈಗ ಓಣಿ ಬಿಕೋ ಅಂತೈತಲ್ಲ" ಎಂದು. ಆಗ ಬೈಸಿಕೊಂಡವರೇ ಬಿಕ್ಕಿಬಿಕ್ಕಿ ಅಳುತ್ತಿದ್ದರು. ನಾನು ಅಜ್ಜಿಯ ಸೆರಗು ಹಿಡಿದು ಸಾವಿನ ಮನೆಗಳಿಗೆ ಹೋಗಿ ಹೋಗಿ ಕಂಪ್ಲಿಯ ಎಷ್ಟೋ ಹೆಂಗಸರ ಬದುಕನ್ನು ಅವರು ಹೋದ ದಿನವೇ ತಿಳಿದುಕೊಂಡೆ. ಬದುಕಿದ್ದಾಗ ಅವರು ನನಗೆ ಬರೀ ಯಾರದೋ ಅವ್ವ, ಯಾರದೋ ಅತ್ತೆ ಆಗಿದ್ದರು.

ಮನೆಗೆ ಬಂದ ಮೇಲೆ ಅಜ್ಜಿ ಹಿತ್ತಲಿನಿಂದಲೇ ಒಳಗೆ ಬರಬೇಕು. ನಾನು ಹಂಡೆಯಿಂದ ಬಿಸಿನೀರು ಮೊಗೆದು ಅವಳ ತಲೆಗೆ ಸುರಿಯುತ್ತಿದ್ದೆ. ಸೀರೆ ಬದಲಿಸಿ, ಲಿಂಗಪೂಜೆ ಮಾಡಿ, ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಪುಡಿ ಹಾಕಿಸಿಕೊಂಡು ಕೂತರೆ ಅವಳ ಮುಖದಲ್ಲಿ ಅತ್ತ ಗುರುತೇ ಇರುತ್ತಿರಲಿಲ್ಲ. ಉಂಡು ತಟ್ಟೆ ತೊಳೆದ ನೀರನ್ನೂ ಕುಡಿದು, ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಅವ್ವನ ಮೇಲೆ ಒಂದು ಮಾತು ಎಸೆಯುತ್ತಿದ್ದಳು. ಅವ್ವ ಬಿಡುವವಳಲ್ಲ, "ಅತ್ತು ಅತ್ತು ನಾಲಿಗಿ ಉಪ್ಪಾಗೇತಿ, ಅದಕ ಪಲ್ಯ ಸಪ್ಪಗ ಹತ್ತೇತಿ ನಿಮಗ" ಎನ್ನುತ್ತಿದ್ದಳು. ಅತ್ತೆ ಸೊಸೆ ಇಡೀ ದಿನ ಹೀಗೆ ಕಚ್ಚಾಡಿಕೊಂಡೇ ಇದ್ದರು. ಆದರೆ ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಇದ್ದವರ ಕಥೆ ಆಡಬಾರದು. ಉಸಿರಾಡುವ ಮನುಷ್ಯರ ಬದುಕನ್ನು ಮೊದಲಿನಿಂದ ಎತ್ತಿ ಆಡಿಕೊಂಡರೆ ಅವರ ಆಯುಷ್ಯ ಅಲ್ಲಿಗೆ ಮುಗಿದ ಹಾಗೆ. ನಾನೊಮ್ಮೆ ಗೊಂಬೆಯಾಟದಲ್ಲಿ ಎದುರುಮನೆಯ ಗೆಳತಿಯನ್ನು ಗೋಡೆಗೆ ಕೂರಿಸಿ, ಅಜ್ಜಿಯ ಹಾಗೆ ದನಿ ಎತ್ತಿದ್ದಕ್ಕೆ ಅವ್ವ ತೊಡೆ ಹಿಂಡಿದ ಜಾಗ ಈಗಲೂ ಉರಿದಂತಾಗುತ್ತದೆ.

ನಮ್ಮದು ಮಾಳಿಗೆ ಮನೆ. ಬೀದಿಗೆ ಅಪ್ಪನ ಕಿರಾಣಿ ಅಂಗಡಿ, ಅದರ ಹಿಂದೆ ಪಡಸಾಲೆ, ಪಡಸಾಲೆಯ ಮೂಲೆಯಲ್ಲಿ ದೇವರ ಜಗಲಿ, ಆಚೆಗೆ ಕತ್ತಲೆ ಕತ್ತಲೆಯಾದ ಅಡುಗೆಮನೆ, ಕೊನೆಗೆ ಹಿತ್ತಲು. ಮಣ್ಣಿನ ಗೋಡೆ ದಪ್ಪ, ಕಿಟಕಿ ಎನ್ನುವುದು ಹೆಸರಿಗೆ. ಪಡಸಾಲೆಗೆ ಬೆಳಕು ಬರುತ್ತಿದ್ದುದು ಮೇಲಿನ ಬೆಳಕಿಂಡಿಯಿಂದ. ಅಲ್ಲಿಂದ ಬಿದ್ದ ಬಿಸಿಲಿನ ತುಂಡು ಬೆಳಿಗ್ಗೆ ಜಗಲಿಯ ಹತ್ತಿರ ಶುರುವಾಗಿ ಸಂಜೆಗೆ ಅಂಗಡಿಯ ಬಾಗಿಲಿಗೆ ಹೋಗುತ್ತಿತ್ತು. ಅಜ್ಜಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುವುದು ಅದರಲ್ಲೇ, ನಾನು ಬರೆಯುವುದೂ ಅದರಲ್ಲೇ. ಬಿಸಿಲು ಸರಿದ ಹಾಗೆ ಇಬ್ಬರೂ ಸರಿಯುತ್ತಿದ್ದೆವು. ಜಾಗಕ್ಕಾಗಿ ನಮಗೂ ಜಗಳ ಬರುತ್ತಿತ್ತು. ಅವಳ ಮೊರ ನನ್ನ ಪಾಟಿಯನ್ನು ತಳ್ಳುತ್ತಿತ್ತು, ನನ್ನ ಮೊಣಕಾಲು ಅವಳ ಮೊರವನ್ನು ತಳ್ಳುತ್ತಿತ್ತು. ನಾನು ಹಟಮಾರಿ ಎನ್ನುವುದು ಮನೆಗೆಲ್ಲ ಗೊತ್ತಿತ್ತು, ಆ ಹಟ ಯಾರಿಂದ ಬಂತು ಎನ್ನುವುದೂ ಗೊತ್ತಿತ್ತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಪ್ರೇಮಾ ಟೀಚರ್ ಸಂಡೂರಿನಿಂದ ವರ್ಗವಾಗಿ ನಮ್ಮ ಶಾಲೆಗೆ ಬಂದರು. ಸಣ್ಣ ಆಳು, ಆದರೆ ಗಂಟಲು ದೊಡ್ಡದು. ಪಾಠ ಓದುವಾಗ ಮಕ್ಕಳು ರಾಗ ಎಳೆದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು, "ಮಾತಾಡಿದಂಗ ಓದ್ರೇ, ಯಾಕ ಜೋಗುಳ ಹಾಡ್ತೀರಿ?" ಎನ್ನುತ್ತಿದ್ದರು. ಕನ್ನಡ ಪುಸ್ತಕದಲ್ಲಿ ಒಬ್ಬ ಮನುಷ್ಯ ತನ್ನ ಬಾಲ್ಯವನ್ನು ತಾನೇ ಹೇಳಿಕೊಂಡ ಪಾಠವೊಂದಿತ್ತು. ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಹೀಗಿತ್ತು, ನಾನು ಹೀಗೆ ಮಾಡಿದೆ ಎಂದು. ಎಲ್ಲರೂ ಓದಿ ಮುಗಿಸಿದ ಮೇಲೆ ನಾನು ಎದ್ದು ನಿಂತು ಕೇಳಿದೆ.

"ಟೀಚರ್, ಇವ್ರು ಯಾವಾಗ ಸತ್ರು?"

ಕ್ಲಾಸು ನಕ್ಕಿತು. ಟೀಚರ್ ನಗಲಿಲ್ಲ.

"ಯಾಕ ಹಂಗ ಕೇಳ್ದಿ?"

"ಅವ್ರ ಕಥಿ ಎಲ್ಲಾ ಹೇಳ್ಯಾರಲ್ರಿ. ಸಾಯದ ಹೆಂಗ ಹೇಳ್ತಾರ?"

"ಬದುಕಿದ್ದಾಗ ತಾವ ಕುಂತು ಬರದಾರ. ಇದ್ದವ್ರೂ ತಮ್ಮ ಕಥಿ ಹೇಳಬಹುದು ಮಂಗಳಾ. ನೀನೂ ಹೇಳಬಹುದು."

ಆ ಮಾತು ನನ್ನ ತಲೆಯಲ್ಲಿ ಕೂರಲಿಲ್ಲ, ಸುತ್ತತೊಡಗಿತು. ಟೀಚರ್ ಅಷ್ಟಕ್ಕೇ ಬಿಡಲಿಲ್ಲ. ಎಲ್ಲರೂ ತಮ್ಮ ತಮ್ಮ ಕಥೆ ಬರೆಯಬೇಕು, ಶನಿವಾರ ಎದುರಿಗೆ ನಿಂತು ಓದಬೇಕು, ಗೈಡಿನಿಂದ ನಕಲು ಮಾಡಿದವರಿಗೆ ಬಿಸಿ ಬಿಸಿ ಬೀಳುತ್ತದೆ ಎಂದರು. ಎಲ್ಲಿ ನಡೆಯಿತು ಹೇಳಿ, ಯಾರಿದ್ದರು ಹೇಳಿ, ಮೊದಲು ಏನಾಯಿತು ಆಮೇಲೆ ಏನಾಯಿತು ಹೇಳಿ, ಮೂಗಿಗೆ ಬಡಿದದ್ದು ಕಿವಿಗೆ ಬಿದ್ದದ್ದು ಬಿಡಬೇಡಿ ಎಂದೂ ಹೇಳಿದರು. ಉಳಿದವರಿಗೆ ಇದು ದೊಡ್ಡ ಸಂಕಟವಾಯಿತು. ನನಗೆ ಒಳಗೊಳಗೆ ಖುಷಿ. ಮನುಷ್ಯರ ಕಥೆ ಹೇಗೆ ಕಟ್ಟುತ್ತಾರೆ ಎನ್ನುವುದನ್ನು ನನ್ನಷ್ಟು ಕೇಳಿದವರು ಆ ಕ್ಲಾಸಿನಲ್ಲಿ ಯಾರಿದ್ದರು?

ಮನೆಗೆ ಬಂದವಳೇ ಬೆಳಕಿಂಡಿಯ ಕೆಳಗೆ ಕೂತು ಒಂದೇ ಉಸಿರಿಗೆ ಬರೆದೆ. ನಮ್ಮ ಮನೆಯಲ್ಲಿ ಬರೆದದ್ದನ್ನು ಅಪ್ಪನಿಗೆ ಓದಿ ಹೇಳುವ ರೂಢಿ. ಅಪ್ಪ ಅಂಗಡಿಯ ಗಲ್ಲಾದಿಂದಲೇ ಕತ್ತು ಈ ಕಡೆ ತಿರುಗಿಸಿ "ಹ್ಞೂಂ, ಓದು" ಎಂದ. ಅಜ್ಜಿ ಮೊರದಲ್ಲಿ ಕೈ ಆಡಿಸುತ್ತಿದ್ದಳು. ಅವ್ವ ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ನಾನು ನಡು ನೆಟ್ಟಗೆ ಮಾಡಿ ಓದಿದೆ.

"ಯವ್ವಾ ಮಂಗಳಾ, ಕಂಪ್ಲಿ ಊರಾಗ ಅಂಗಡಿ ಮನಿಯಾಗ ಹುಟ್ಟಿದ್ದೆಲ್ಲ. ಡಬ್ಬಿಯಾಗಿನ ಬೆಲ್ಲ ಕದ್ದು ತಿಂತಿದ್ದೆಲ್ಲ, ಇನ್ ಮ್ಯಾಲ ಅಪ್ಪ ಯಾರಿಗೆ ಬೈಬೇಕವ್ವಾ. ರೊಟ್ಟಿ ಬ್ಯಾಡ ಮಂಡಕ್ಕಿ ಒಗ್ಗರಣಿ ಮಿರ್ಚಿ ಬೇಕು ಅಂತ ಅಳ್ತಿದ್ದೆಲ್ಲ. ಬೆಳಕಿಂಡಿ ಬಿಸಲಾಗ ಕುಂತು ಬರೀತಿದ್ದೆಲ್ಲ, ಇನ್ ಮ್ಯಾಲ ಆ ಬಿಸಲಾಗ ಯಾರ್ ಕುಂದ್ರಬೇಕವ್ವಾ..."

ರೊಟ್ಟಿಯ ಸದ್ದು ನಿಂತಿತು. ಹಿಟ್ಟಿನ ಕೈಯಲ್ಲೇ ಓಡಿಬಂದ ಅವ್ವ ನನ್ನ ಬಾಯಿ ಮುಚ್ಚಿದಳು. ಹಾಳೆ ಕಿತ್ತುಕೊಂಡು ಹೋಗಿ ಒಲೆಗೆ ಹಾಕಿದಳು. ಮತ್ತೆ ಬಂದು ಉಪ್ಪು, ಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ನನ್ನ ಮುಖದ ಸುತ್ತ ನಿವಾಳಿಸಿ ಅವನ್ನೂ ಒಲೆಗೆ ಹಾಕಿದಳು. ಅಂಗಡಿಯ ಗಿರಾಕಿಗಳು ಬಾಗಿಲಲ್ಲಿ ಇಣುಕಿದರು. ಅಪ್ಪ ಅವರನ್ನು ಸಾಗಹಾಕಿ ಒಳಗೆ ಬಂದ. ಅವನು ಬೈಯಲಿಲ್ಲ, ಆದರೆ ಮುಖ ಬಿಳಿಚಿತ್ತು.

"ನಾಳೆ ಹೊಸಪೇಟಿಗೆ ಮಾಲು ತರಾಕ ಹೋದಾಗ ಗೈಡ್ ತರ್ತೀನಿ. ಅದರಾಗಿದ್ದಂಗ ಬರದು ಒಪ್ಪಿಸು. ಮನಿ ಕಥಿ ಬ್ಯಾಡ."

"ಇನ್ನೊಮ್ಮಿ ಈ ಮನಿಯಾಗ ಯಾರದರ ಕಥಿ ಬರದೀ ಅಂದ್ರ ಸಾಲಿ ಬಿಡಸ್ತೀನಿ ನೋಡು!" ಎಂದು ಅವ್ವ ಕೂಗಿದಳು.

ನಾನು ಬೆಪ್ಪಾಗಿ ನಿಂತಿದ್ದೆ. ನಾನು ಸತ್ತಿದ್ದೇನೆ ಎಂದು ನಾನೆಲ್ಲಿ ಬರೆದೆ? ಕಥೆ ಹಾಗೆಯೇ ತಾನೇ ಬರೆಯಬೇಕು? ಅಳು ಬಂತು, ಸಿಟ್ಟೂ ಬಂತು. ಚೆನ್ನಾಗಿ ಬರೆದಿದ್ದೇನೆ ಎಂದು ನನಗೆ ಗೊತ್ತಿತ್ತು, ಆ ಹಾಳೆ ಸುಟ್ಟ ಸಂಕಟ ಎಲ್ಲಕ್ಕಿಂತ ದೊಡ್ಡದಾಗಿತ್ತು. ಅಜ್ಜಿ ಮೊರ ಬದಿಗಿಟ್ಟು ಎದ್ದು ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ನನ್ನನ್ನೂ ಕರೆದಳು. ಕರಿಬೇವಿನ ಗಿಡದ ಹತ್ತಿರ ಕೂರಿಸಿಕೊಂಡಳು.

"ಯಾರ್ ಕಲಿಸಿದ್ರಲೇ ನಿನಗ?"

"ನೀನ."

"ಬೆಲ್ಲದ ಮಾತು ಭಾಳ ಚಲೋ ಬಂದಿತ್ತು ನೋಡು. ಆದರ ಜೀವ ಇದ್ದಾಕಿನ್ನ ಗ್ವಾಡಿಗೆ ಕುಂದ್ರಿಸಿ ಬಿಟ್ಟೆಲ್ಲ ಹುಚ್ಚಿ. ನಿಮ್ಮವ್ವಗ ಎದಿ ಒಡದಂಗ ಆತು. ಅಕಿಗೆ ಬೈಬ್ಯಾಡ."

ನಾನು ಟೀಚರ್ ಹೇಳಿದ್ದನ್ನೆಲ್ಲ ಹೇಳಿದೆ. ಬದುಕಿದ್ದವರೂ ತಮ್ಮ ಕಥೆ ತಾವೇ ಹೇಳಬಹುದಂತೆ, ಪುಸ್ತಕದಲ್ಲೇ ಇದೆ ಎಂದೆ. ಅಜ್ಜಿ ನಂಬಲಿಲ್ಲ. ಒಳಗೆ ಹೋಗಿ ಪುಸ್ತಕ ತಂದು ಆ ಪಾಠವನ್ನು ಮಾತಾಡಿದ ಹಾಗೆ ಓದಿದೆ. ಅಜ್ಜಿ ಗಲ್ಲಕ್ಕೆ ಕೈ ಹಚ್ಚಿ ಕೇಳಿದಳು.

"ತಾನ? ತನ್ನ ಬಾಯಿಲೆ? ಆಮ್ಯಾಲ ಏನೂ ಆಗಲಿಲ್ಲ ಅವಗ?"

"ಏನೂ ಆಗಲಿಲ್ಲ. ದೊಡ್ಡಾವಾಗಿ ಪುಸ್ತಕ ಬರದಾನ."

ಒಳಗೆ ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದ್ದಳು. ಅಜ್ಜಿ ಆ ಕಡೆ ನೋಡುತ್ತಲೇ ಹೇಳಿದಳು.

"ನಂದು ಯಾರ್ ಹೇಳ್ತಾರಲೇ ಮಂಗ್ಳಿ? ನಿಮ್ಮವ್ವಗ ಆಡಿ ಅಳಾಕ ಬರಂಗಿಲ್ಲ, ಸೆರಗು ಬಾಯಿಗೆ ಇಟಗಂಡು ಕುಂದ್ರತಾಳ. ಊರಿನ ಹೆಂಗಸ್ರು ನಾ ಶುರು ಮಾಡಿದ್ರ ಹಿಂದ ಬರ್ತಾರ. ನಾನ ಗ್ವಾಡಿಗೆ ಕುಂತಾಗ ಶುರು ಮಾಡೋರ್ ಯಾರು? ಎಲ್ಲಾರ್ದು ಹೇಳೀನಿ. ನಂದು ಹೇಳದ ಹೋಗಬೇಕೇನು?"

ಅಜ್ಜಿಯ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಅಲ್ಲಿವರೆಗೆ ಕೇಳಿರಲಿಲ್ಲ. ನನ್ನ ಹಾಳೆ ಸುಟ್ಟದ್ದು ಮರೆತೇಹೋಯಿತು.

"ನಾ ಬರೀತೀನಿ. ನಿನಗ ಓದಿ ಹೇಳ್ತೀನಿ. ನೀ ಇದ್ದಾಗ."

"ನಿಮ್ಮವ್ವ ಸಾಲಿ ಬಿಡಸ್ತಾಳ."

"ಬಿಡಸ್ಲಿ."

ಆ ಮಾತನ್ನು ಎಷ್ಟು ಜೋರಾಗಿ ಹೇಳಿದೆನೆಂದರೆ ಅಜ್ಜಿಯೇ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. ಶಾಲೆಯೆಂದರೆ ನನಗೆ ಪ್ರಾಣ. ಆದರೂ ಆ ಕ್ಷಣ ಅಜ್ಜಿಯ ಕಥೆ ಅದಕ್ಕಿಂತ ಹೆಚ್ಚಾಗಿ ಕಂಡಿತು. ನಾನು ಮುಂದೆ ಏನೇ ಆಗಿದ್ದರೂ ಆ ಹಿತ್ತಲಿನಲ್ಲಿ ಆಡಿದ ಮಾತಿನಿಂದಲೇ ಆದೆ ಎಂದು ಈಗ ಅನ್ನಿಸುತ್ತದೆ.

ಹೇಳಿದಷ್ಟು ಸುಲಭವಾಗಲಿಲ್ಲ. ಮರುದಿನ ಅವ್ವ ನೀರಿಗೆ ಹೋದಾಗ ಅಜ್ಜಿ ಬಿಸಿಲಿನ ತುಂಡಿನಲ್ಲಿ ಕೂತು ಗಂಟಲು ಸರಿಮಾಡಿಕೊಂಡಳು. "ನಾನು..." ಎಂದಳು. ಮುಂದೆ ಬರಲಿಲ್ಲ. ಊರಿನ ಅಷ್ಟು ಹೆಂಗಸರ ಬದುಕನ್ನು ತಡೆಯಿಲ್ಲದೆ ಆಡಿದ ಬಾಯಿ ತನ್ನದಕ್ಕೆ ಬಂದಾಗ ಕಟ್ಟಿಹೋಯಿತು. ಮತ್ತೆ ಪ್ರಯತ್ನಿಸಿದರೆ ರಾಗವೇ ಬಂತು, "ಯವ್ವಾ ಗೌರವ್ವಾ" ಎಂದೇ ಬಂತು, ಕಣ್ಣೀರೂ ಇಳಿಯಿತು. ತನ್ನನ್ನು ತಾನೇ ಗೋಡೆಗೆ ಕೂರಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ಭಯವಾಗಿ ಅವಳ ಕೈ ಹಿಡಿದು ನಿಲ್ಲಿಸಿದೆ. ಅವಳೂ ಹೆದರಿದ್ದಳು. ಇದು ಆಗುವ ಮಾತಲ್ಲ, ಬಿಡು ಎಂದಳು. ನಾನು ಬಿಡಲಿಲ್ಲ. ಶಾಲೆಗೆ ಹೋಗಿ ಟೀಚರನ್ನು ಮೂಲೆಗೆ ಕರೆದು ಎಲ್ಲವನ್ನೂ ಹೇಳಿದೆ. ಸುಟ್ಟ ಹಾಳೆಯದ್ದನ್ನೂ ಹೇಳಿದೆ. ಅವರಿಗೆ ನಗು ಬಂತು, ಕಣ್ಣೂ ತುಂಬಿತು.

"ಇಡೀ ಜೀವನ ಕೇಳಬ್ಯಾಡ ಮಂಗಳಾ. ಅಷ್ಟು ದೊಡ್ಡದು ಯಾರ ಬಾಯಾಗೂ ಹಿಡಿಯಂಗಿಲ್ಲ. ಒಂದು ದಿನ ಕೇಳು. ಆ ದಿನ ಏನು ಉಂಡ್ರಿ, ಕಣ್ಣಿಗೆ ಏನು ಕಾಣಸ್ತು, ಪಕ್ಕದಾಗ ಯಾರಿದ್ರು, ಅಷ್ಟ. ನಿನ್ನದೂ ಹಂಗ ಬರಿ."

ಅಂದು ಸಂಜೆ ಹಿತ್ತಲಿನಲ್ಲಿ ಅಜ್ಜಿಯನ್ನು ಕೇಳಿದೆ. ಯಾವುದಾದರೂ ಒಂದು ದಿನ ಹೇಳು, ಯಾವುದಾದರೂ ಸರಿ. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮದುವೆಯಾಗಿ ಕಂಪ್ಲಿಗೆ ಬಂದ ದಿನ ಎಂದಳು. ಏನು ಉಂಡಿದ್ದೆ ಎಂದು ಕೇಳಿದೆ. ಅದನ್ನು ಯಾರೂ ಅವಳನ್ನು ಕೇಳಿರಲಿಲ್ಲ. ಕೈ ನಿಲ್ಲಿಸಿ ಯೋಚಿಸಿದಳು, ಮುಖ ಬದಲಾಯಿತು, ಅಲ್ಲಿಂದ ಕಥೆ ತಾನಾಗಿ ಬಂತು, ರಾಗವಿಲ್ಲದೆ ಬಂತು. ಅದನ್ನು ನಾನು ಹಿತ್ತಲಲ್ಲಿ, ಮಾಳಿಗೆಯ ಮೇಲೆ, ಅವ್ವನ ಕಣ್ಣು ತಪ್ಪಿಸಿ ಬರೆದೆ. ತಪ್ಪಿಸಿದೆ ಎಂದುಕೊಂಡಿದ್ದೆ. ಶುಕ್ರವಾರ ಅಜ್ಜಿ ಪೂಜೆ ಮುಗಿಸಿ ಬಿಸಿಲಿಗೆ ಬಂದು ಕೂತು "ಈಗ ಓದು" ಎಂದಳು. ನಾನು ಹಾಳೆ ತೆಗೆಯುವಷ್ಟರಲ್ಲಿ ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ನನಗ ಗೊತ್ತೈತ್ರಿ ಅತ್ತಿ. ಅಜ್ಜಿ ಮೊಮ್ಮಗಳು ಎರಡು ದಿನದಿಂದ ಏನ್ ನಡಸೀರಿ ಅಂತ."

ಅವಳು ಹಾಳೆಗೆ ಕೈ ಚಾಚಿದಳು. ನಾನು ಅದನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಜೀವಮಾನದಲ್ಲಿ ಮೊದಲ ಸಲ ಅವ್ವನಿಗೆ ಎದುರು ನಿಂತಿದ್ದೆ.

"ಕೊಡಂಗಿಲ್ಲ."

"ಮಂಗ್ಳೀ!"

"ಸಾಲಿ ಬಿಡಸು. ಕೊಡಂಗಿಲ್ಲ."

ಅವ್ವ ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಹೊಡೆಯಲಿಲ್ಲ, ಗೋಡೆ ಹಿಡಿದು ಅಲ್ಲೇ ಕುಸಿದು ಕೂತಳು. ಅಜ್ಜಿಯ ಕಡೆ ತಿರುಗಿ ಅವಳು ಆಡಿದ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ.

"ನಮ್ಮವ್ವ ಹೋದಾಗ ನಾ ಇವಳಷ್ಟ ಇದ್ದೆ. ಬಾಳಿತ್ವಾಟದ ನಮ್ಮ ಮನಿಗೆ ನೀವ ಬಂದು ಆಡಿ ಅತ್ರಿ. ಅವತ್ತ ನನಗ ಗೊತ್ತಾತು ಅವ್ವ ಖರೇನ ಹೋದ್ಲು ಅಂತ. ಈಗ ನಿಮ್ಮ ಕಥಿನೂ ಮುಗಸಾಕ ಕುಂತೀರಿ. ನೀವೂ ಹೋಗಾಕ ತಯಾರಾದ್ರೇನ್ರಿ ನನ್ನ ಬಿಟ್ಟು?"

ದಿನವೂ ಉಪ್ಪಿಗೆ, ಎಣ್ಣೆಗೆ, ಬೆಣ್ಣೆಗೆ ಜಗಳವಾಡುವ ಅವ್ವ. ಅಜ್ಜಿ ಇಲ್ಲದ ಮನೆಯನ್ನು ಅವಳು ಎಣಿಸಲೂ ಹೆದರುತ್ತಾಳೆ ಎಂದು ನನಗೆ ಆವತ್ತು ತಿಳಿಯಿತು. ಅಜ್ಜಿ ಕೂತಲ್ಲಿಂದ ಸರಿದು ಸೊಸೆಗೆ ಬಿಸಿಲಿನಲ್ಲಿ ಜಾಗ ಮಾಡಿದಳು.

"ಹೋಗಾಕಲ್ಲ ಹುಚ್ಚಿ. ಇದೀನಿ ಅಂತ ಹೇಳಾಕ. ಬಾ ಇಲ್ಲಿ, ಕುಂದ್ರು. ಕೇಳಿದ ಮ್ಯಾಲೂ ಸುಡಬೇಕು ಅನ್ನಿಸಿದ್ರ ನಾನ ಒಲಿಗೆ ಹಾಕ್ತೀನಿ."

ಅವ್ವ ಬಂದು ಕೂತಳು. ಅಪ್ಪ ಅಂಗಡಿಯಿಂದ ಕತ್ತು ತಿರುಗಿಸಿದ. ನಾನು ಓದಿದೆ.

"ನಾನು ಗೌರವ್ವ. ನಾನು ಕಂಪ್ಲಿಗೆ ಹೊಳೆ ದಾಟಿ ಬಂದೆ. ಆಗ ಸೇತುವೆ ಇರಲಿಲ್ಲ, ಹರಿಗೋಲು ಇತ್ತು. ಬೆಳಿಗ್ಗೆ ನಾನು ಬಾಳೆಹಣ್ಣು ಸಕ್ಕರೆ ತಿಂದಿದ್ದೆ, ಸೀರೆಗೆ ಅದರ ವಾಸನೆ ಹತ್ತಿತ್ತು. ನನ್ನ ಅವ್ವ ಬುತ್ತಿ ಕಟ್ಟಿ ಕೊಟ್ಟು ದಂಡೆಯ ಮೇಲೆ ಅಳುತ್ತಿದ್ದಳು. ಅತ್ತೆ ಮನೆಯ ಹೆಂಗಸರು ನನ್ನನ್ನು ನಡುವೆ ಕೂರಿಸಿದರು. ಎಲ್ಲರೂ ನನಗೆ ಅಳು ಅಳು ಅನ್ನುತ್ತಿದ್ದರು. ಮದುಮಗಳು ಅಳಬೇಕು. ನಡುಹೊಳೆಗೆ ಬಂದಾಗ ಹರಿಗೋಲು ಗರಗರ ತಿರುಗಿತು. ಅವ್ವನ ದಂಡೆ ಬಂತು, ಅತ್ತೆಯ ದಂಡೆ ಬಂತು, ಮತ್ತೆ ಅವ್ವನ ದಂಡೆ ಬಂತು. ನನಗೆ ನಗು ಬಂತು. ತಡೆಯಲು ಆಗಲಿಲ್ಲ. ಜೋರಾಗಿ ನಕ್ಕೆ. ಎಲ್ಲರೂ ಬೈದರು. ಬೈದಷ್ಟೂ ನಕ್ಕೆ. ಹುಟ್ಟು ಹಾಕುವ ಮುದುಕ ಇನ್ನೊಂದು ಸಲ ತಿರುಗಿಸಲೇನವ್ವಾ ಎಂದು ಕೇಳಿದ. ತಿರುಗಿಸು ಎಂದೆ. ಬುತ್ತಿ ನೀರಿಗೆ ಬಿತ್ತು. ನಾನು ನಗುತ್ತ ನಗುತ್ತ ಕಂಪ್ಲಿಗೆ ಬಂದೆ."

ಅಜ್ಜಿ ಕಣ್ಣು ಮುಚ್ಚಿ ಕೂತಿದ್ದಳು. ತನ್ನ ಕಥೆಯನ್ನು ಬೇರೆಯವರ ಬಾಯಿಂದ ಅವಳು ಆಗ ಮೊದಲ ಬಾರಿಗೆ ಕೇಳುತ್ತಿದ್ದಳು. ಸಾವಿನ ಮನೆಯಲ್ಲಿ ಯಾರ ನಗುವನ್ನೂ ಯಾರೂ ಎತ್ತುವುದಿಲ್ಲ. ಊರಿಗೆಲ್ಲ ಅತ್ತ ಹೆಂಗಸು ಈ ಊರಿಗೆ ನಗುತ್ತ ಬಂದಳು ಎನ್ನುವುದು ಅವಳೊಂದಿಗೇ ಮುಚ್ಚಿಹೋಗುವ ಮಾತಾಗಿತ್ತು. ಅಪ್ಪನಿಗೂ ಗೊತ್ತಿರಲಿಲ್ಲ. ಮೊದಲು ಬಾಯಿ ಬಿಟ್ಟವಳು ಅವ್ವ.

"ಬುತ್ತಿಯಾಗ ಏನಿತ್ರಿ ಅತ್ತಿ?"

"ಸಜ್ಜಕದ ಹೋಳಿಗಿ. ಮೀನ ತಿಂದ್ವು!"

ಅವ್ವ ಕಿಸಕ್ಕೆಂದಳು. ಆಮೇಲೆ ಅತ್ತೆ ಸೊಸೆ ಇಬ್ಬರೂ ಭುಜಕ್ಕೆ ಭುಜ ಬಡಿದು ನಕ್ಕರು, ಅವ್ವನ ಕಣ್ಣಿಂದ ನೀರು ಸುರಿಯುತ್ತಿತ್ತು. ಸುಡುವ ಮಾತು ಮತ್ತೆ ಬರಲಿಲ್ಲ. ನಾನು ಮಾತ್ರ ನಗಲಿಲ್ಲ, ನನಗೆ ಒಂದು ತೊಡಕು ಉಳಿದಿತ್ತು. ಕಥೆಗೆ ಕೊನೆ ಬೇಕಲ್ಲ? ಸಾವಿನ ಮನೆಯ ಕಥೆಗೆ ಕೊನೆ ಎದುರಿಗೇ ಕೂತಿರುತ್ತದೆ. ಇದ್ದವರ ಕಥೆಯನ್ನು ಹೇಗೆ ಮುಗಿಸುವುದು?

"ಮುಗಸಬ್ಯಾಡ," ಎಂದಳು ಅಜ್ಜಿ. ಮೊರವನ್ನು ಮಡಿಲಿಗೆ ಎಳೆದುಕೊಂಡಳು. "ಇಷ್ಟು ಹೇಳಿ ಅಕ್ಕಿ ಆರಸಾಕ ಕುಂತೆ ಅಂತ ಬರಿ."

ಬರೆದೆ. ಶನಿವಾರ ಕ್ಲಾಸಿನಲ್ಲಿ ನಾನು ಓದಿದ್ದು ನನ್ನದೇ ಕಥೆ. ನಾನು ಸತ್ತವಳ ಹಾಗೆ ನನಗೇ ತಿಳಿಯದೆ ಬರೆದದ್ದು, ಅವ್ವ ಹಿಟ್ಟಿನ ಕೈಯಲ್ಲಿ ನನ್ನ ಬಾಯಿ ಮುಚ್ಚಿದ್ದು, ತುಟಿಗೆ ಜೋಳದ ಹಿಟ್ಟು ಹತ್ತಿದ್ದು, ಸುಟ್ಟ ಮೆಣಸಿನಕಾಯಿಯ ಘಾಟು. ಅದೊಂದೇ ದಿನವನ್ನು ಬರೆದಿದ್ದೆ. ಅಪ್ಪ ತಂದ ಗೈಡು ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ಬಳಕೆಯಾಯಿತು. ಮುಂದೆ ನಾನೂ ಟೀಚರಾಗಿ ಮರಿಯಮ್ಮನಹಳ್ಳಿ, ವಡ್ಡು ಎಂದು ಊರೂರು ತಿರುಗಿದೆ. ಎಲ್ಲ ಕಡೆ ಮಕ್ಕಳಿಗೆ ತಮ್ಮ ಕಥೆ ಬರೆಯಲು ಹೇಳಿದೆ, ಒಂದೇ ದಿನ ಬರೆಯಿರಿ, ಏನು ಉಂಡಿರಿ ಎನ್ನುವುದರಿಂದ ಶುರು ಮಾಡಿ ಎಂದೆ. ಗಣಿಯ ಲಾರಿ ಓಡಿಸುವವರ ಮಕ್ಕಳು, ಫ್ಯಾಕ್ಟರಿಗೆ ಹೋಗುವವರ ಮಕ್ಕಳು, ನಮ್ಮ ಮನೆಯಲ್ಲಿ ಬರೆಯುವಂಥದ್ದು ಏನೂ ಇಲ್ಲ ಟೀಚರ್ ಎನ್ನುತ್ತಿದ್ದರು. ನಾನು ಒಬ್ಬರನ್ನೂ ಬಿಡಲಿಲ್ಲ.

ಅಜ್ಜಿ ನಾನು ಹೈಸ್ಕೂಲು ಮುಗಿಸುವವರೆಗೂ ಇದ್ದಳು. ಕಥೆ ಆಡಿದರೆ ಆಯುಷ್ಯ ಮುಗಿಯುತ್ತದೆ ಎನ್ನುವ ಮಾತನ್ನು ಆಮೇಲೆ ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಒಂದು ಬೆಳಿಗ್ಗೆ ಪೂಜೆಗೆ ಕೂತವಳು ಹಾಗೆಯೇ ಒರಗಿದಳು. ಪಡಸಾಲೆಯ ಗೋಡೆಗೆ ಅವಳನ್ನು ಕೂರಿಸಿ ವಿಭೂತಿ ಬಳಿದರು. ಓಣಿಗಳಿಂದ ಹೆಂಗಸರು ಬಂದು ಸುತ್ತ ಕೂತರು, ಸೆರಗು ಎಳೆದುಕೊಂಡರು, ಕಾದರು. ಅಭ್ಯಾಸಬಲದಿಂದ ಎಲ್ಲರ ಕಣ್ಣು ಮೊದಲು ದನಿ ಎತ್ತುವವಳ ಕಡೆ ಹೋಯಿತು, ಅವಳು ಗೋಡೆಗೆ ಕೂತಿದ್ದಳು. ಬೆಳಕಿಂಡಿಯ ಬಿಸಿಲು ಅವಳ ಪಾದದ ಹತ್ತಿರ ಬಿದ್ದಿತ್ತು. ಯಾರೂ ಶುರು ಮಾಡಲಿಲ್ಲ. ನಾನೇ ಶುರು ಮಾಡಬೇಕು ಎಂದು ಎದ್ದೆ. ಆಗ ಪಕ್ಕದಲ್ಲಿ ಅವ್ವ ಬಾಯಿಗಿಟ್ಟ ಸೆರಗು ತೆಗೆದಳು. ಅವಳಿಗೆ ರಾಗ ಬರುತ್ತಿರಲಿಲ್ಲ. ಮಾತಾಡಿದ ಹಾಗೆಯೇ ಹೇಳಿದಳು.

"ನಮ್ಮತ್ತಿ ಗೌರವ್ವ ಹರಗೋಲಿನಾಗ ಬಂದ್ಲು. ಎಲ್ಲಾರೂ ಅಳು ಅಂದ್ರು. ಅಕಿ ನಕ್ಕಳು..."

ಬುತ್ತಿ ನೀರಿಗೆ ಬಿದ್ದದ್ದನ್ನು ಹೇಳಿದಾಗ ಹಿಂದೆ ಕೂತಿದ್ದ ಒಬ್ಬ ಮುದುಕಿ ತಡೆಯಲಾರದೆ ನಕ್ಕುಬಿಟ್ಟಳು, ನಕ್ಕವಳೇ ಗೋಳೋ ಎಂದು ಅತ್ತಳು, ಅವಳ ಹಿಂದೆ ಇಡೀ ಪಡಸಾಲೆ ಅತ್ತಿತು. ಅವ್ವ ಕೊನೆಯವರೆಗೆ ಬಂದಳು. ನಗುತ್ತ ನಗುತ್ತ ಕಂಪ್ಲಿಗೆ ಬಂದ್ಲು ಎಂದಳು. ಅಲ್ಲಿ ನಿಂತಳು. ಮುಂದಿನ ಮಾತು ಅವಳಿಗೆ ಗೊತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ನನ್ನ ಕಡೆ ನೋಡಿದಳು.

"ಇಷ್ಟು ಹೇಳಿ," ಎಂದೆ ನಾನು, "ಅಕ್ಕಿ ಆರಸಾಕ ಕುಂತ್ಲು."